ಹೊರಕೋಣೆಯ ವಿದ್ಯೆ

ದೊಡ್ಡ ಅಧಿಕಾರಿಯ ಕೋಣೆಯ ಹೊರಗೆ ಕಾಯುವುದೆಂದರೆ ಸುಮ್ಮನೆ ಕುಳಿತಿರುವುದು ಎಂದುಕೊಂಡವರು ಆ ಕೆಲಸ ಮಾಡಿದವರಲ್ಲ. ಲಾಯರಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು. ಬಾಗಿಲಿಗೆ ನೇರವಾದ ಕುರ್ಚಿಯಲ್ಲಿ ಕೂರಬಾರದು. ಬಾಗಿಲು ತೆರೆದಾಗಲೆಲ್ಲ ಮುಖ ಕಂಡರೆ ಒಳಗಿನವರಿಗೆ ಕಿರಿಕಿರಿಯಾಗುತ್ತದೆ. ತೀರ ಮೂಲೆಯಲ್ಲೂ ಕೂರಬಾರದು, ಮರೆತೇಬಿಡುತ್ತಾರೆ. ಫೋನನ್ನು ಆರಿಸಿ ಚೀಲದ ತಳಕ್ಕೆ ಹಾಕಿರಬೇಕು. ಜವಾನನ ಹೆಂಡತಿಯ ಮಂಡಿನೋವನ್ನು ವಿಚಾರಿಸಬೇಕು, ಆದರೆ ಸಾಹೇಬರು ಯಾವಾಗ ಸಿಗುತ್ತಾರೆ ಎಂದು ಒಮ್ಮೆಯೂ ಕೇಳಬಾರದು. ಒಳಗೆ ಹೋದ ಮೇಲೆ ಬಂದ ಕೆಲಸವನ್ನು ಕೊನೆಗೆ, ಎದ್ದು ಹೊರಡುವಾಗ, ಆಗಷ್ಟೇ ನೆನಪಾದಂತೆ ಹೇಳಬೇಕು. ಉತ್ತರವನ್ನು ಸಾಹೇಬರ ಬಾಯಿಂದಲ್ಲ, ಕಾಲಿನಿಂದ ತಿಳಿಯಬೇಕು. ಕುಳಿತಲ್ಲಿಂದಲೇ "ನೋಡೋಣ" ಎಂದರೆ ಆಗುವುದಿಲ್ಲ ಎಂದರ್ಥ. ಎದ್ದು ನಿಂತು "ನೋಡೋಣ" ಎಂದರೆ ಇನ್ನೊಮ್ಮೆ ಬನ್ನಿ ಎಂದರ್ಥ. ಬಾಗಿಲವರೆಗೆ ಬಂದು "ನೋಡೋಣ" ಎಂದರೆ ಕೆಲಸ ಆಯಿತು, ಮನೆಗೆ ಹೋಗಿ ನಿಶ್ಚಿಂತೆಯಿಂದ ಮಲಗಬಹುದು.

ಈ ವಿದ್ಯೆ ಅವಳಿಗೆ ಕಾನೂನು ಕಾಲೇಜಿನಲ್ಲಿ ಸಿಕ್ಕಿದ್ದಲ್ಲ. ಅಲ್ಲಿ ಅವಳು ಮೊದಲ ದರ್ಜೆಯಲ್ಲಿ ಪಾಸಾಗಿ, ಹಿರಿಯ ವಕೀಲರೊಬ್ಬರ ಆಫೀಸು ಸೇರಿ, ಕೆಲವು ವರ್ಷ ಕೋರ್ಟಿನ ಮೆಟ್ಟಿಲು ಸವೆಸಿದಳು. ಬಂದ ಕಕ್ಷಿಗಾರರೆಲ್ಲ ಅವಳ ಮುಖ ನೋಡಿ, "ಸಾರ್ ಇಲ್ವಾ?" ಎನ್ನುತ್ತಿದ್ದರು. ಒಬ್ಬ ಮುದುಕ ಮಾತ್ರ ಒಂದು ದಿನ ಸಮಾಧಾನವಾಗಿ ಎದುರು ಕುಳಿತು ತನ್ನ ಮೊಕದ್ದಮೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಅವಳಿಗೆ ಎದೆಯುಬ್ಬಿತು. ಎಲ್ಲ ಮುಗಿದ ಮೇಲೆ ಅವನು, "ಬರ್ಕೊಂಡ್ಯಾ ತಾಯಿ? ಸಾರ್ ಬಂದಾಗ ಮರೀದೇ ಹೇಳು," ಎಂದು ಎದ್ದುಹೋದ. ಮರುವಾರವೇ ಅವಳು ಕಂಪನಿ ಸೇರಿದಳು.

ಅದು ಶೈತ್ಯಾಗಾರಗಳ ಕಂಪನಿ. ರೈಲು ನಿಲ್ದಾಣಗಳ ಹಿಂದೆ, ಮಾರುಕಟ್ಟೆಗಳ ಪಕ್ಕದಲ್ಲಿ, ಕಿಟಕಿಯಿಲ್ಲದ ದೊಡ್ಡ ದೊಡ್ಡ ಕಟ್ಟಡಗಳು. ಒಳಗೆ ಆಲೂಗಡ್ಡೆ, ಹಣ್ಣು, ಮೀನು, ಔಷಧಿ. ತಂಪು ಬರುವುದು ಅಮೋನಿಯಾ ಅನಿಲದಿಂದ. ಎಷ್ಟೇ ಬಂದೋಬಸ್ತು ಮಾಡಿದರೂ ಆ ಕಟ್ಟಡಗಳಲ್ಲಿ ಅದರ ವಾಸನೆ ಸಣ್ಣಗೆ ಇದ್ದೇ ಇರುತ್ತದೆ. ಹೊಸಬರಿಗೆ ಈರುಳ್ಳಿ ಹೆಚ್ಚಿದಂತೆ ಕಣ್ಣು ಉರಿಯುತ್ತದೆ, ಹಳಬರಿಗೆ ಏನೂ ಆಗುವುದಿಲ್ಲ. ಲಾಯರಮ್ಮ ಕರಾರುಗಳನ್ನು ನೋಡಿಕೊಳ್ಳಲು ಸೇರಿದವಳು. ಆದರೆ ಕಂಪನಿಗೆ ನಿಜವಾಗಿ ಬೇಕಾಗಿದ್ದುದು ಸರಕಾರದ ಕಚೇರಿಗಳಲ್ಲಿ ಕಾಯಬಲ್ಲವರು, ಅಂಗಲಾಚದೆ ಮಾತಾಡಬಲ್ಲವರು. ಕೆಲವೇ ವರ್ಷಗಳಲ್ಲಿ ಪರವಾನಗಿ, ತೆರಿಗೆ, ಜಮೀನು, ವಿದ್ಯುತ್ತು, ಎಲ್ಲ ಇಲಾಖೆಗಳ ಹೊರಕೋಣೆಗಳೂ ಅವಳಿಗೆ ತನ್ನ ಮನೆಯ ಅಡುಗೆಮನೆಯಷ್ಟೇ ಪರಿಚಯವಾದವು. ಅವಳು ಲಂಚ ಕೊಡಲಿಲ್ಲ. ಆ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಹೆಮ್ಮೆ ಸ್ವಲ್ಪ ಹೆಚ್ಚೇ ಇತ್ತು.

ಮನೆಯಲ್ಲಿ ಅವಳಿಗೆ ಇದ್ದವಳು ತಂಗಿಯೊಬ್ಬಳೇ. ತಾಯಿ ಬೇಗ ಹೋಗಿದ್ದಳು. ಕೋರ್ಟಿನ ಹೊರಗೆ ತಗಡಿನ ಮಾಡಿನ ಕೆಳಗೆ ಅರ್ಜಿ ಟೈಪು ಮಾಡುತ್ತಿದ್ದ ತಂದೆ ಮಗಳಿಗೆ ಕೆಲಸ ಸಿಕ್ಕಿದ ವರ್ಷ ತೀರಿಕೊಂಡರು. ತಂಗಿಯ ಜಡೆ ಹೆಣೆದು, ಓದಿಸಿ, ಮದುವೆ ಮಾಡಿದವಳು ಲಾಯರಮ್ಮ. ಗಂಡನ್ನು ಹುಡುಕಿದವಳೂ ಅವಳೇ, ಅದೂ ಕಂಪನಿಯಲ್ಲೇ. ಒಂದು ಶೈತ್ಯಾಗಾರಕ್ಕೆ ಹೋದಾಗ ಅಲ್ಲಿನ ಮೆಕ್ಯಾನಿಕ್ ಕೇಳಿದ್ದಕ್ಕಷ್ಟೇ ಉತ್ತರ ಹೇಳಿ, ಕೇಳದೆ ಇದ್ದದ್ದಕ್ಕೆ ಸುಮ್ಮನಿದ್ದುದು ಅವಳಿಗೆ ಹಿಡಿಸಿತು. ಮುಂದೆ ಅವನು ಅಲ್ಲಿಯೇ ಮ್ಯಾನೇಜರನಾದ. ವರ್ಷವಿಡೀ ತಣ್ಣನೆಯ ಕೋಣೆಗಳಿಗೆ ಹೊಕ್ಕು ಬರುವವನಾದ್ದರಿಂದ ಕತ್ತಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡೇ ಇರುತ್ತಿದ್ದ. ಸುಡುಬಿಸಿಲಿನಲ್ಲಿ ಬಸ್ಸಿಗೆ ಕಾಯುವಾಗಲೂ ಅದು ಇಳಿಯುತ್ತಿರಲಿಲ್ಲ. ಕೆಲಸಗಾರರೆಲ್ಲ ಅವನನ್ನು ಮಫ್ಲರ್ ಎಂದೇ ಕರೆಯುತ್ತಿದ್ದರು. ಲಾಯರಮ್ಮನಿಗೆ ಅವನು ತಂಗಿಯ ಗಂಡ, ಅವನಿಗೆ ಅವಳು ಅತ್ತಿಗೆ. ಆ ಸಂಬಂಧಕ್ಕಿಂತ ಹೆಚ್ಚಾಗಿ, ಅತ್ತಿಗೆ ಹೇಳಿದ ಮೇಲೆ ಎರಡನೇ ಮಾತಿಲ್ಲ ಎಂಬುದು ಅವನ ಸಂಸಾರದ ಕಾನೂನು.

ಒಂದು ವರ್ಷ ಬೇರೆ ಯಾವುದೋ ಕಂಪನಿಯ ಶೈತ್ಯಾಗಾರದಲ್ಲಿ ಅನಿಲ ಸೋರಿ ಜನ ಸತ್ತರು. ಸರಕಾರ ಹೊಸ ಕಾನೂನಿನ ಕರಡು ಹೊರಡಿಸಿತು. ಇನ್ನು ಮುಂದೆ ಹೀಗೆ ಜೀವ ಹೋದರೆ ಕಂಪನಿಯ ನಿರ್ದೇಶಕರೆಲ್ಲ ಜೈಲಿಗೆ. ಕಂಪನಿಯ ಯಜಮಾನರು ಅದನ್ನು ಓದಿ ಮುಖ ಕಪ್ಪಿಟ್ಟು ಕುಳಿತರು. "ಏನಮ್ಮ ಇದು, ನಾನು ಈ ವಯಸ್ಸಲ್ಲಿ ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಲ್ಬೇಕಾ?" ಎಂದು ಅವಳನ್ನೇ ಕೇಳಿದರು.

ಆ ವರ್ಷ ಅವಳ ಕಾಲಿಗೆ ಚಕ್ರ ಕಟ್ಟಿದಂತಾಯಿತು. ಇಲಾಖೆಯ ಕಾರ್ಯದರ್ಶಿಗಳು ಓದಿಕೊಂಡ ಮನುಷ್ಯ, ಒರಟರಲ್ಲ. ಎಲ್ಲರೂ ಹೊಣೆ ಎಂದರೆ ಯಾರೂ ಹೊಣೆಯಲ್ಲ ಎಂದಾಗುತ್ತದೆ, ಒಂದೊಂದು ಶೈತ್ಯಾಗಾರಕ್ಕೂ ಒಬ್ಬೊಬ್ಬ ಹೊಣೆಗಾರನ ಹೆಸರಿರಲಿ, ಜನ ಯಾರನ್ನು ಕೇಳಬೇಕೆಂದು ಗೇಟಿನ ಮೇಲೇ ಬರೆದಿರಲಿ ಎಂದು ಅವಳು ಅವರಿಗೆ ತಿಂಗಳುಗಟ್ಟಲೆ ಮನವರಿಕೆ ಮಾಡಿದಳು. ವಾದ ಕೇಳಲು ಚೆನ್ನಾಗಿತ್ತು. ಅರ್ಧ ನಿಜವೂ ಆಗಿತ್ತು. ಕಾರ್ಯದರ್ಶಿಗಳು ಒಂದು ಷರತ್ತು ಹಾಕಿದರು: ಹಾಗೆ ಯಾರ ಹೆಸರಿರುತ್ತದೋ ಅವನಿಗೆ ಆ ಜಾಗವನ್ನು ನಡೆಸುವ ಪೂರ್ಣ ಅಧಿಕಾರ ಇರಬೇಕು; ಇಲ್ಲದಿದ್ದರೆ ಹೊಣೆ ಮತ್ತೆ ನಿರ್ದೇಶಕರ ತಲೆಗೇ. ಅವಳು ಒಪ್ಪಿದಳು. ಕೊನೆಯ ಸಲ ಅವರು ಬಾಗಿಲವರೆಗೆ ಬಂದು, "ನೋಡೋಣ," ಎಂದರು. ಕಾನೂನು ಹಾಗೆಯೇ ಬಂತು. ಯಜಮಾನರು ಅವಳಿಗೆ ಕಿಟಕಿಯಿರುವ ಕೋಣೆ ಕೊಟ್ಟರು.

ಆ ಕೋಣೆಗೆ ಹೋಗುವ ಮೊದಲು ಅವಳು ಯಜಮಾನರಿಗೆ ಒಂದು ಮಾತು ಹೇಳಿದಳು.

"ಹೆಸರು ಕೊಟ್ಮೇಲೆ ಅಧಿಕಾರನೂ ಕೊಡ್ಬೇಕು ಸಾರ್. ಈಗ ಮಿಷನ್ ನಿಲ್ಲಿಸ್ಬೇಕಾದ್ರೆ ಮ್ಯಾನೇಜರ್‌ಗಳು ಹೆಡ್ಡಾಫೀಸಿಗೆ ಫೋನ್ ಮಾಡಿ ಕೇಳ್ತಾರೆ. ಅದು ಹೋಗ್ಬೇಕು."

"ಅವರ ಕೈಗೆ ಕೊಟ್ರೆ ದಿನಾ ನಿಲ್ಲಿಸ್ತಾರೆ, ಮಾಲೆಲ್ಲ ಕೊಳೆತು ನಾರುತ್ತೆ. ಕೊಡೋಣ ಕೊಡೋಣ, ಮೊದ್ಲು ಹೆಸರು ಹೋಗ್ಲಿ. ಅಧಿಕಾರ ಎಲ್ಲಿ ಓಡಿಹೋಗುತ್ತೆ?"

ಪೂರ್ಣ ಅಧಿಕಾರ ಕೊಟ್ಟಿದೆ ಎಂದು ಇಲಾಖೆಗೆ ಬರೆದು ಸಹಿ ಮಾಡಿದವಳು ಅವಳೇ. ನಾಳೆ ಕೊಡುವುದನ್ನು ಇಂದೇ ಕೊಟ್ಟಿದೆ ಎಂದು ಬರೆಯುವುದು ಆ ವೃತ್ತಿಯಲ್ಲಿ ಸುಳ್ಳಿನ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಮ್ಯಾನೇಜರುಗಳು ಮಾತ್ರ ದಡ್ಡರಾಗಿರಲಿಲ್ಲ. ಎಲ್ಲರನ್ನೂ ಕರೆಸಿ ವಿಷಯ ತಿಳಿಸಿದಾಗ ಸಭೆಯಲ್ಲಿ ಗುಜುಗುಜು ಎದ್ದಿತು. ಮೀನಿನ ಶೈತ್ಯಾಗಾರದ ದಪ್ಪನೆಯ ಮ್ಯಾನೇಜರು ಎದ್ದು ನಿಂತ.

"ಅಂದ್ರೆ ಲಾಯರಮ್ಮ, ಲಾಭ ಬಂದ್ರೆ ಯಜಮಾನ್ರ ಫೋಟೋ, ಹೆಣ ಬಿದ್ರೆ ನಮ್ಮ ಫೋಟೋ. ಹಾಗೇನಾ?"

ಎಲ್ಲರೂ ನಕ್ಕರು. ಹಿಂದಿನಿಂದ ಇನ್ನೊಬ್ಬ, "ನಿನ್ನ ಫೋಟೋ ಒಂದು ಪುಟದಲ್ಲಿ ಹಿಡಿಸಲ್ಲ, ಕೂತ್ಕೋ," ಎಂದ. ಮತ್ತೆ ನಗು. ನಗು ನಿಂತ ಮೇಲೆ ಯಾರೂ ಸಹಿಗೆ ಮುಂದೆ ಬರಲಿಲ್ಲ.

ಲಾಯರಮ್ಮ ಆಗ ಹೇಳಿದಳು: "ಮೊದಲನೇ ಹೆಸರು ನನ್ನ ತಂಗಿ ಗಂಡಂದು. ಅಪಾಯ ಇದ್ದಿದ್ರೆ ನಮ್ಮ ಮನೆ ಹುಡುಗೀನ ಬಾವಿಗೆ ನಾನೇ ತಳ್ತಿದ್ನಾ?"

ಸಭೆ ತಣ್ಣಗಾಯಿತು. ಮಫ್ಲರ್ ಅಂದು ರಜೆಯಲ್ಲಿದ್ದ. ಅವನನ್ನು ಅವಳು ಕೇಳಿರಲೂ ಇಲ್ಲ. ಕೇಳಿದ್ದು ಅದೇ ಸಂಜೆ, ಅವನ ಮನೆಯಲ್ಲಿ, ತಂಗಿ ತಟ್ಟೆ ಹಾಕುತ್ತಿದ್ದಾಗ.

"ಒಂದು ಸಹಿ ಬೇಕಾಗಿತ್ತು."

"ಎಲ್ಲಿ ಮಾಡ್ಬೇಕು ಅತ್ತಿಗೆ?"

"ಓದಿ ಮಾಡಿ."

"ನೀವು ಓದಿದ್ದೀರಲ್ಲ. ನಾನು ಓದಿದ್ರೆ ಅದ್ರಲ್ಲಿ ಇನ್ನೇನ್ ಸಿಗುತ್ತೆ?"

ತಂಗಿ ಮಾತ್ರ ಸೌಟನ್ನು ಹಿಡಿದುಕೊಂಡೇ ನಿಂತಳು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಅಕ್ಕ?"

"ಆದ್ರೆ ನಾನಿಲ್ವೇನೇ?"

ಅವನ ಹೆಸರನ್ನು ಹಿತ್ತಾಳೆಯ ಫಲಕದಲ್ಲಿ ಕೆತ್ತಿಸಿ ಗೇಟಿಗೆ ಹಾಕಿದರು. ಕಾನೂನಿಗೆ ಬಣ್ಣದ ಅಕ್ಷರ ಸಾಕಾಗಿತ್ತು. ಹಿತ್ತಾಳೆ ಲಾಯರಮ್ಮನ ಯೋಚನೆ. ಅದನ್ನು ನೋಡಿ ಉಳಿದ ಮ್ಯಾನೇಜರುಗಳೂ ಒಬ್ಬೊಬ್ಬರಾಗಿ ಸಹಿ ಮಾಡಿದರು. ಕೆಲವರು ಹೆಂಡತಿ ಮಕ್ಕಳನ್ನು ಕರೆತಂದು ಫಲಕದ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಮಫ್ಲರ್ ಪ್ರತಿ ಬೆಳಿಗ್ಗೆ ತನ್ನದನ್ನು ತಾನೇ ಉಜ್ಜುತ್ತಿದ್ದನಂತೆ. "ಮನೇಲಿ ಒಂದು ಲೋಟ ತೊಳೆದವರಲ್ಲ," ಎಂದು ತಂಗಿ ಎಲ್ಲರ ಮುಂದೆ ಗೊಣಗುತ್ತಿದ್ದಳು, ಖುಷಿಯಿಂದಲೇ.

ಅಧಿಕಾರದ ವಿಷಯ ಮತ್ತೆ ಎದ್ದೇಳಲಿಲ್ಲ. ಅವಳೂ ಎಬ್ಬಿಸಲಿಲ್ಲ.

ಕೆಲವು ವರ್ಷಗಳ ಮೇಲೆ, ಮಾಲು ತುಂಬಿ ತುಳುಕುತ್ತಿದ್ದ ಕಾಲದಲ್ಲಿ, ಮಫ್ಲರ್‌ನ ಶೈತ್ಯಾಗಾರದಲ್ಲಿ ಒಂದು ಹಳೆಯ ವಾಲ್ವು ಬಿರುಕು ಬಿಟ್ಟಿತು. ಮಿಷನ್ ನಿಲ್ಲಿಸಿ ಅದನ್ನು ಬದಲಾಯಿಸಬೇಕೆಂದು ಅವನು ಹೆಡ್ಡಾಫೀಸಿಗೆ ಫೋನು ಮಾಡಿ ಕೇಳಿದ. ಮಾಲು ಖಾಲಿಯಾಗಲಿ ಎಂದರು. ಮತ್ತೆ ಕೇಳಿದ. ಅದೇ ಉತ್ತರ ಬಂತು. ಒಂದು ಬೆಳಿಗ್ಗೆ, ಆಲೂಗಡ್ಡೆ ಆರಿಸುವ ಹೆಂಗಸರು ಒಳಗಿದ್ದಾಗ, ವಾಲ್ವು ಕಿತ್ತುಬಂತು. ಅವನು ಮಫ್ಲರನ್ನು ನೀರಲ್ಲಿ ಅದ್ದಿ ಮೂಗು ಬಾಯಿಗೆ ಸುತ್ತಿಕೊಂಡು ಒಳಗೆ ನುಗ್ಗಿದ. ಒಬ್ಬಳನ್ನು ಹೊತ್ತು ತಂದ, ಮತ್ತೆ ಹೋಗಿ ಇನ್ನೊಬ್ಬಳನ್ನು ಎಳೆದು ತಂದ. ಇಬ್ಬರೂ ಉಳಿಯಲಿಲ್ಲ. ಒಬ್ಬಳಿಗೆ ಎದೆಹಾಲು ಕುಡಿಯುವ ಮಗುವಿತ್ತು. ಸಂಜೆ ಪೊಲೀಸರು ಬಂದು, ಗೇಟಿನ ಮೇಲಿನ ಹೆಸರು ಓದಿ, ಆ ಹೆಸರಿನವನನ್ನು ಕರೆದುಕೊಂಡು ಹೋದರು. ಅವರಿಗೆ ಹುಡುಕುವ ಕೆಲಸವೇ ಬೀಳಲಿಲ್ಲ.

ಠಾಣೆಯಲ್ಲಿ ಅವನ ಕಣ್ಣುಗಳು ಕೆಂಡದಂತಿದ್ದವು. "ಅತ್ತಿಗೆ, ನಾನು ನಿಲ್ಲಿಸ್ತೀನಿ ಅಂತ ಹೇಳಿದ್ದೆ. ಅವರೇ ಬೇಡ ಅಂದ್ರು," ಎಂದ.

"ಆ ಮಾತು ಇಲ್ಲಿ ಯಾರ ಮುಂದೆನೂ ಎತ್ಬೇಡಿ. ನಾನು ಮೇಲೆ ಮಾತಾಡ್ತೀನಿ. ಅಲ್ಲೀವರೆಗೆ ಕಂಪನಿ ವಕೀಲರು ಹೇಳಿದ ಹಾಗೆ ನಡ್ಕೊಳ್ಳಿ. ಕಂಪನೀನ ಈಗಲೇ ಎದುರು ಹಾಕ್ಕೊಂಡ್ರೆ ಕೆಲಸ ಕೆಡುತ್ತೆ."

ಅವಳ ಲೆಕ್ಕ ಸರಳವಾಗಿತ್ತು. ಅವನಿಗೆ ಅಧಿಕಾರವೇ ಇರಲಿಲ್ಲವೆಂದು ಕೋರ್ಟಿನಲ್ಲಿ ಹೇಳಿದರೆ ಅವನು ಬಿಡುಗಡೆಯಾಗುತ್ತಾನೆ. ಆದರೆ ಯಜಮಾನರು ಒಳಗೆ ಹೋಗುತ್ತಾರೆ, ಕಂಪನಿ ಮುಳುಗುತ್ತದೆ, ಕಕ್ಷಿಗಾರರ ಗುಟ್ಟು ಹೊರಹಾಕಿದ್ದಕ್ಕೆ ಅವಳ ವಕೀಲಿ ಸನ್ನದೂ ಹೋಗುತ್ತದೆ. ಅದರ ಬದಲು ಕಾರ್ಯದರ್ಶಿಗಳು ಮನಸ್ಸು ಮಾಡಿದರೆ ಇದನ್ನು ಯಂತ್ರದ ದೋಷವೆಂದು ಇಲಾಖೆಯ ತನಿಖೆಯಲ್ಲೇ ಮುಗಿಸಬಹುದು. ಕೋರ್ಟಿನ ಮೇಲೆ ಅವಳಿಗೆ ನಂಬಿಕೆ ಹೋಗಿ ಎಷ್ಟೋ ಕಾಲವಾಗಿತ್ತು. ಹೊರಕೋಣೆ ಮಾತ್ರ ಅವಳ ಕೈಬಿಟ್ಟಿರಲಿಲ್ಲ.

ಕಾರ್ಯದರ್ಶಿಗಳು ಅವಳ ಮಾತನ್ನೆಲ್ಲ ಕೇಳಿದರು. "ಜನರ ಸಿಟ್ಟು ಸ್ವಲ್ಪ ಆರ್ಲಿ," ಎಂದರು. ಎದ್ದರು. ಅವಳ ಜೊತೆ ಬಾಗಿಲವರೆಗೆ ನಡೆದುಬಂದು, "ನೋಡೋಣ," ಎಂದರು.

ತಂಗಿಗೆ ಅವಳು ಹೇಳಿದಳು: "ಆಯ್ತು ಅಂದ್ಕೋ. ಸ್ವಲ್ಪ ದಿನ ಹಲ್ಲು ಕಚ್ಚಿಕೊಂಡಿರು."

ತಂಗಿ ಹಲ್ಲು ಕಚ್ಚಿಕೊಂಡಳು. ಜೈಲಿಗೆ ಬಟ್ಟೆ ಕೊಂಡುಹೋದಳು, ಸತ್ತವರ ಕಡೆಯವರು ಬೀದಿಯಲ್ಲಿ ಅಡ್ಡಗಟ್ಟಿ ಶಾಪ ಹಾಕಿದಾಗ ತಲೆ ತಗ್ಗಿಸಿ ನಿಂತಳು. ತಿಂಗಳುಗಳು ಉರುಳಿದವು. ಲಾಯರಮ್ಮ ಮತ್ತೆ ಮತ್ತೆ ಇಲಾಖೆಗೆ ಹೋಗಿ, ಸರಿಯಾದ ಕುರ್ಚಿಯಲ್ಲಿ ಕುಳಿತು ಕಾದಳು. ಕಾರ್ಯದರ್ಶಿಗಳು ಸಭೆಯಲ್ಲಿದ್ದರು, ಪ್ರವಾಸದಲ್ಲಿದ್ದರು, ಮತ್ತೆ ಸಭೆಯಲ್ಲಿದ್ದರು.

ಕೋರ್ಟಿನಲ್ಲಿ ಆರೋಪಿಯನ್ನು ಪ್ರಶ್ನಿಸುವ ದಿನವೂ ಅವಳು ಅಲ್ಲಿಯೇ ಇದ್ದಳು. ಅಂದು ಖಂಡಿತ ಸಿಗುತ್ತಾರೆಂದು ಜವಾನ ಹೇಳಿ ಕಳಿಸಿದ್ದ. ಅತ್ತ ಕೋರ್ಟಿನ ಪಡಸಾಲೆಯಲ್ಲಿ ಕಂಪನಿಯ ವಕೀಲ ಮಫ್ಲರ್‌ಗೆ ಕಿವಿಯಲ್ಲಿ ಹೇಳಿದ: ಪೂರ್ಣ ಅಧಿಕಾರ ಇತ್ತಾ ಅಂತ ಕೇಳ್ತಾರೆ, ಇತ್ತು ಅನ್ನಿ, ಇಲ್ಲ ಅಂದ್ರೆ ಸುಳ್ಳು ಕಾಗದಕ್ಕೆ ಸಹಿ ಮಾಡಿದ ಕೇಸೂ ಮೈಮೇಲೆ ಬರುತ್ತೆ. ಮಫ್ಲರ್ ಹೆಂಡತಿಯ ಮುಖ ನೋಡಿದ. ತಂಗಿ ಪಡಸಾಲೆಯ ತುದಿಗೆ ಓಡಿ ಅಕ್ಕನಿಗೆ ಫೋನು ಹಚ್ಚಿದಳು. ಫೋನು ಆರಿತ್ತು. ಮತ್ತೆ ಹಚ್ಚಿದಳು. ಒಳಗಿನಿಂದ ಅವನ ಹೆಸರು ಕೂಗಿದರು. "ಅತ್ತಿಗೆ ಏನಂದ್ರು?" ಎಂದು ಅವನು ಕೇಳಿದ. "ವಕೀಲರು ಹೇಳಿದ ಹಾಗೆ ಅಂತ ಮೊದ್ಲೇ ಅಂದಿದ್ಲಲ್ಲ," ಎಂದಳು ತಂಗಿ.

ಪೂರ್ಣ ಅಧಿಕಾರ ಇತ್ತೇ ಎಂದು ನ್ಯಾಯಾಧೀಶರು ಕೇಳಿದರು. ಇತ್ತು ಎಂದ.

ಆ ಹೊತ್ತಿಗೆ ಕಾರ್ಯದರ್ಶಿಗಳು ನಿಜಕ್ಕೂ ಸಿಕ್ಕಿದ್ದರು. ಅವಳ ಮಾತಿನ ನಡುವೆ ಅವರಿಗೊಂದು ಫೋನು ಬಂತು. ಕೇಳಿ ಕೆಳಗಿಟ್ಟು, "ಅವರೇ ಒಪ್ಕೊಂಡುಬಿಟ್ರಂತಲ್ಲಮ್ಮ, ಇನ್ನು ನಂದೇನಿದೆ?" ಎಂದರು. ದನಿಯಲ್ಲಿ ಒಂದು ಬಗೆಯ ನಿರಾಳವಿತ್ತು. ಈ ಮನುಷ್ಯ ಆ ಸಲ ಬಾಗಿಲವರೆಗೆ ಬಂದದ್ದು ತನ್ನನ್ನು ಸಾಗಹಾಕುವುದಕ್ಕಷ್ಟೇ ಎಂದು ಅವಳಿಗೆ ಆಗ ಹೊಳೆಯಿತು. ಇಷ್ಟು ವರ್ಷ ತಾನು ಆಡಿ ಗೆದ್ದ ಮಾತುಗಳೆಲ್ಲ ಯಾರೋ ಬಲ್ಲಿದರಿಗೆ ಬೇಕಾಗಿದ್ದ ಮಾತುಗಳು. ಒಬ್ಬ ಮೆಕ್ಯಾನಿಕ್ಕನ ಸಲುವಾಗಿ ಅವಳು ಆ ಕೋಣೆಗೆ ಬಂದದ್ದು ಇದೇ ಮೊದಲು.

ಯಜಮಾನರು ಬಹಳ ಮೃದುವಾಗಿ ಮಾತಾಡಿದರು. "ಅವನ ಮನೇನ ನಾವು ನೋಡ್ಕೋತೀವಿ. ನೀನು ನಮ್ಮೋಳು."

"ಅವನೂ ನಮ್ಮೋನೇ ಸಾರ್," ಎಂದು ಅವಳು ರಾಜೀನಾಮೆ ಕೊಟ್ಟು ಬಂದಳು. ಬೇರೆ ವಕೀಲರನ್ನು ಹಿಡಿದು, ತಾನೇ ಸಾಕ್ಷಿ ಹೇಳಲು ನಿಂತಳು. ಕಂಪನಿಯ ವಕೀಲ ಎದ್ದು ಇದು ಕಕ್ಷಿಗಾರರ ಗುಟ್ಟು, ಹೇಳಕೂಡದು ಎಂದು ಕೂಗಾಡಿದ. ನ್ಯಾಯಾಧೀಶರು ಕೊನೆಗೆ ಹೇಳಿ ಎಂದರು. ಅವಳು ಯಜಮಾನರ ಜೊತೆ ಆದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಆಮೇಲೆ ಸರಕಾರಿ ವಕೀಲ ಎದ್ದ. ಅವಳಿಗಿಂತ ಬಹಳ ಚಿಕ್ಕವನು.

"ಆರೋಪಿ ನಿಮಗೇನಾಗಬೇಕು?"

"ತಂಗಿಯ ಗಂಡ."

"ಪೂರ್ಣ ಅಧಿಕಾರ ಕೊಟ್ಟಿದೆ ಅಂತ ಇಲಾಖೆಗೆ ಬರೆದವರು ಯಾರು?"

"ನಾನು."

"ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

"ಆಗ ಹೇಳಿದ್ದು."

"ಸುಳ್ಳು ಹೇಳೋ ಅಭ್ಯಾಸ ಇದೆ ಅನ್ನಿ. ಹೋಗ್ಲಿ, ಆರೋಪೀನೇ ಇದೇ ಕೋರ್ಟಲ್ಲಿ ನಿಂತು ಅಧಿಕಾರ ಇತ್ತು ಅಂದ್ರಲ್ಲ, ಯಾಕೆ?"

"ವಕೀಲರು ಹೇಳಿದ ಹಾಗೆ ಹೇಳಿ ಅಂತ ನಾನು ಹೇಳಿದ್ದೆ."

"ನೀವು ಹೇಳಿದ ಹಾಗೆಲ್ಲ ಹೇಳ್ತಾರಾ?"

ಅವಳು ಕಟಕಟೆಯಲ್ಲಿದ್ದ ಮಫ್ಲರ್‌ನ ಕಡೆ ನೋಡಿದಳು. ಜೈಲಿನಲ್ಲಿ ಮಫ್ಲರ್ ಕೊಡುವುದಿಲ್ಲ. ಬರಿಯ ಕತ್ತು ಕೋಳಿಯ ಕತ್ತಿನಂತೆ ಕಾಣುತ್ತಿತ್ತು.

"ಹೌದು," ಎಂದಳು. "ಹೇಳ್ತಾರೆ."

ಕೋರ್ಟಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಾಕ್ಷಿ ಹತ್ತಿರದ ಸಂಬಂಧಿ, ಸುಳ್ಳು ಬರೆದೆನೆಂದು ಸ್ವತಃ ಒಪ್ಪಿದವಳು, ಆರೋಪಿ ಮೊದಲು ಆಡಿದ ಮಾತೇ ನಿಲ್ಲುತ್ತದೆ ಎಂದು ತೀರ್ಪು ಬಂತು. ಫೋನಿನಲ್ಲಿ ಬೇಡವೆಂದ ಹೆಡ್ಡಾಫೀಸಿನವರಿಗೆ ಅಂಥ ಯಾವ ಫೋನೂ ನೆನಪಿರಲಿಲ್ಲ. ಮಫ್ಲರ್‌ಗೆ ಶಿಕ್ಷೆಯಾಯಿತು. ಗೇಟಿನ ಮೇಲೆ ಹೊಸ ಹೆಸರು ಕೆತ್ತಿದ ಫಲಕ ಬಂತು. ಇಲಾಖೆಗೆ ಸುಳ್ಳು ಬರೆದದ್ದಕ್ಕೆ ಕೆಲವು ತಿಂಗಳಲ್ಲಿ ವಕೀಲರ ಪರಿಷತ್ತು ಅವಳ ಸನ್ನದನ್ನು ರದ್ದು ಮಾಡಿತು. ಅವಳು ಅದರ ವಿರುದ್ಧ ವಾದಿಸಲಿಲ್ಲ. ನಿಯಮ ಸರಿಯಾಗಿಯೇ ಇತ್ತು. ತಂಗಿ ಬಾಡಿಗೆ ಕಟ್ಟಲಾಗದೆ ಅಕ್ಕನ ಮನೆಗೇ ಬಂದಳು. ಇಬ್ಬರೂ ಒಂದೇ ಒಲೆಯಲ್ಲಿ ಬೇಯಿಸುತ್ತಾರೆ. ಬೇಕಾದಷ್ಟೇ ಮಾತಾಡುತ್ತಾರೆ.

ಮೇಲಿನ ಕೋರ್ಟಿಗೆ ಮನವಿ ಹಾಕಿದ ಮೇಲೆ ಇಬ್ಬರೂ ಜೈಲಿಗೆ ಹೋದರು. ಭೇಟಿಯ ಕೋಣೆಯಲ್ಲಿ ಕಬ್ಬಿಣದ ಜಾಲರಿ. ಆಚೀಚೆ ಹತ್ತಾರು ಜನ ಒಟ್ಟಿಗೆ ಕೂಗಿ ಮಾತಾಡುವುದರಿಂದ ಕಿವಿಗೊಟ್ಟು ಕೇಳಬೇಕು. ಅವನು ಬಡವಾಗಿದ್ದ. ಬಂದವನೇ ಕೇಳಿದ:

"ಮೇಲೆ ಯಾರ ಹತ್ರನಾದ್ರೂ ಮಾತಾಡಿದ್ರಾ ಅತ್ತಿಗೆ?"

"ಇಲ್ಲ. ಮೇಲೆ ನಂಗೆ ಯಾರೂ ಇಲ್ಲ. ಈ ಸಲ ನೀವೇ ಮಾತಾಡ್ಬೇಕು. ಮಿಷನ್ ನಿಲ್ಲಿಸ್ತೀನಿ ಅಂತ ಯಾರಿಗೆ ಫೋನ್ ಮಾಡಿದ್ರಿ, ಅವರೇನಂದ್ರು, ಎಲ್ಲ ಹೇಳಿ. ಹೊಸ ವಕೀಲರು ನಾಳೆ ಬಂದು ಬರ್ಕೋತಾರೆ."

ಅವನು ಜಾಲರಿಗೆ ಬಾಯಿ ತಂದು ಮೆಲ್ಲಗೆ ಕೇಳಿದ:

"ಏನಂತ ಹೇಳ್ಲಿ? ನೀವು ಹೇಳಿಕೊಡಿ ಅತ್ತಿಗೆ. ಈ ಸಲ ತಪ್ಪದೆ ಹಾಗೇ ಹೇಳ್ತೀನಿ."

ತಂಗಿ ಲಾಯರಮ್ಮನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಮುಂದೆ ನಿಂತಳು.

"ನೀನು ಆ ಕಡೆ ತಿರುಗ್ಕೋ ಅಕ್ಕ. ರೀ, ನನ್ನ ನೋಡಿ. ಅವಳನ್ನಲ್ಲ, ನನ್ನ. ಆವತ್ತು ಏನಾಯ್ತು? ನಂಗೆ ಹೇಳಿ."

ಲಾಯರಮ್ಮ ಗೋಡೆಯ ಕಡೆ ತಿರುಗಿ ನಿಂತಳು, ಅವನಿಗೆ ತನ್ನ ಮುಖ ಕಾಣಬಾರದೆಂದು. ಗೋಡೆಯ ಸುಣ್ಣ ಅಲ್ಲಲ್ಲಿ ಎದ್ದಿತ್ತು. ಸುತ್ತ ಎಲ್ಲರೂ ಕೂಗಾಡುತ್ತಿದ್ದರು. ಬೆನ್ನ ಹಿಂದೆ ತಂಗಿಯ ದನಿ ಅದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿತ್ತು. ಹೊತ್ತಾಯಿತೆಂದು ಕಾವಲಿನವನು ಬಂದು ಹೊರಡಿಸುವವರೆಗೂ ಮಫ್ಲರ್‌ನ ದನಿ ಒಮ್ಮೆಯೂ ಕೇಳಿಸಲಿಲ್ಲ.